ತೊಂಬತ್ತೈದು ಕೆಜಿಯ ಹೆಗ್ಡೆಯವರು

ಅಣ್ಣು ಹೆಗ್ಡೆಯವರು ಬಜಗೋಳಿಯ ನನ್ನ ವೆಲ್ಡಿಂಗ್ ಶಾಪಿಗೆ ಬಂದು ಕೂತ ಕೂಡಲೇ ಪ್ಲಾಸ್ಟಿಕ್ ಕುರ್ಚಿಯ ನಾಲ್ಕು ಕಾಲುಗಳೂ ನಾಲ್ಕು ದಿಕ್ಕಿಗೆ ಹೊರಟವು. ಅವರು ಗಡಬಡಿಸಿ ಎದ್ದು, ಕುರ್ಚಿಯನ್ನು ಮಗುಚಿ ನೋಡಿ, "ಈಗಿನ ಪ್ಲಾಸ್ಟಿಕ್ ಸರಿ ಇಲ್ಲ ಒಲಿಂಡಾ ಬಾಯಿ" ಎಂದರು. ಆ ಕುರ್ಚಿಯಲ್ಲಿ ನಾನು ಆರು ವರ್ಷದಿಂದ ಕೂರುತ್ತಿದ್ದೇನೆ, ನಾನೇನೂ ಹಂಚಿಕಡ್ಡಿಯಲ್ಲ. ಆದರೂ ಸುಮ್ಮನಿದ್ದೆ. ಗಿರಾಕಿ ಅಲ್ಲವೇ.

ಅವರಿಗೆ ಬೇಕಾಗಿದ್ದದ್ದು ಮರಕ್ಕೆ ಕಟ್ಟುವ ಅಟ್ಟಣೆ. ಕಾಡುಹಂದಿಗಳು ಅವರ ಗದ್ದೆಗೆ ಇಳಿದು, ತೆನೆ ಬಂದ ಪೈರನ್ನು ಉತ್ತು ಹಾಕುತ್ತಿದ್ದವು. ಹೆಗ್ಡೆಯವರ ಹತ್ತಿರ ತಂದೆಯ ಕಾಲದ ಕೋವಿ ಉಂಟು, ಅದಕ್ಕೆ ಲೈಸೆನ್ಸ್ ಉಂಟು, ಈಗ ಹಂದಿ ಹೊಡೆಯಲು ಅರಣ್ಯ ಇಲಾಖೆಯ ಕಾಗದವೂ ಬಂದಿತ್ತು. ಇಲ್ಲದ್ದು ಕೂರಲು ಜಾಗ ಮಾತ್ರ. ಹಿಂದಿನ ವಾರ ಬಿದಿರು ಮತ್ತು ಅಡಿಕೆಮರದ ಸಲಾಕೆಯಲ್ಲಿ ಒಂದು ಅಟ್ಟಣೆ ಕಟ್ಟಿಸಿ ಗೇರುಮರಕ್ಕೆ ಹತ್ತಿದ್ದರಂತೆ. ಹಂದಿ ಬರುವ ಮೊದಲೇ ಅಟ್ಟಣೆ, ಕೊಂಬೆ ಮತ್ತು ಹೆಗ್ಡೆಯವರು ಮೂರೂ ಒಟ್ಟಿಗೆ ಗೊಬ್ಬರದ ಗುಂಡಿಗೆ ಬಂದವು. ಗೊಬ್ಬರ ಹಸಿಯಾಗಿದ್ದರಿಂದ ಪ್ರಾಣ ಉಳಿಯಿತು. ಊರಿಗೆಲ್ಲ ಅವರು ಹೇಳಿದ್ದು ಕೊಂಬೆಗೆ ಗೆದ್ದಲು ಹಿಡಿದಿತ್ತು ಅಂತ.

"ಕಬ್ಬಿಣದ್ದು ಮಾಡಿ ಕೊಡಿ. ಏಣಿ ಸಮೇತ. ಒಂದು ಒಳ್ಳೆ ಸೀಟು ಇರಲಿ."

"ಆಯಿತು. ನಿಮ್ಮ ತೂಕ ಎಷ್ಟು?"

ಹೆಗ್ಡೆಯವರು ಶಾಪಿನ ಮಾಡಿನ ಶೀಟನ್ನು ನೋಡಿದರು, ಗ್ರೈಂಡರನ್ನು ನೋಡಿದರು, ರಸ್ತೆಯಲ್ಲಿ ಕುದುರೆಮುಖದ ಕಡೆ ಹೋಗುವ ಬಸ್ಸನ್ನು ನೋಡಿದರು. "ತೊಂಬತ್ತೈದು."

ನಮ್ಮ ಕಡೆ ಮನುಷ್ಯನ ತೂಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿಯಾಗುತ್ತದೆ ಎಂಬ ಹೆದರಿಕೆ. ಮಗು ಗುಂಡಗೆ ಇದ್ದರೆ 'ಪಾಪ, ಎಂತ ಸೋತಿದೆ' ಅನ್ನುವ ಜನ ನಾವು. ಹಿರಿಯರದ್ದಾದರೆ ಮರ್ಯಾದೆಗೆ ಇನ್ನೂ ಹತ್ತು ಕಡಿಮೆ. ಹಾಗಾಗಿ ಹೇಳಿದ ತೂಕಕ್ಕೆ ಇನ್ನಷ್ಟು ಕೂಡಿಸಬೇಕು ಅಂತ ನನಗೆ ಗೊತ್ತು, ಆದರೆ ಎಷ್ಟು ಕೂಡಿಸಬೇಕು ಅಂತ ಗೊತ್ತಿಲ್ಲ.

"ಸರಿಯಾಗಿ ಹೇಳಿ ಹೆಗ್ಡೆರೇ. ನಾನು ಡಾಕ್ಟರಲ್ಲ, ಬಯ್ಯುವುದಿಲ್ಲ."

"ಹೇಳಿದೆನಲ್ಲ ಮಾರಾಯ್ತಿ, ತೊಂಬತ್ತೈದು. ಬೇಕಾದರೆ ಸ್ವಲ್ಪ ಗಟ್ಟಿ ಮಾಡಿ. ಕಬ್ಬಿಣ ಅಂದರೆ ಕಬ್ಬಿಣವೇ ಅಲ್ವಾ?"

ಕಬ್ಬಿಣ ನನ್ನ ಕೈಯಲ್ಲಿದೆ, ಗಟ್ಟಿ ಮಾಡಬಹುದು. ಹೇಗೂ ಒಂದು ಕೋಣ ಕೂತರೂ ತಾಳುವಂಥದ್ದನ್ನೇ ಮಾಡುವುದು ಅಂತ ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಚಿಂತೆ ಬೆಲ್ಟಿನದ್ದು. ಮರದಲ್ಲಿ ಕೂರುವವನು ಹೆಗಲು, ಎದೆ, ತೊಡೆಗೆ ಬೆಲ್ಟು ಹಾಕಿ ಅದರ ಹಗ್ಗವನ್ನು ಕಾಂಡಕ್ಕೆ ಕಟ್ಟಿಕೊಳ್ಳಬೇಕು. ನಿದ್ದೆ ತೂಗಿ ಜಾರಿದರೂ ನೆಲಕ್ಕೆ ಹೋಗದೆ ನೇತಾಡುತ್ತಾನೆ. ಅದನ್ನು ನಾನು ಮಾಡುವುದಿಲ್ಲ, ಕಂಪೆನಿಯದ್ದು ಬರುತ್ತದೆ, ಇಂತಿಷ್ಟು ತೂಕಕ್ಕೆ ಅಂತ ಅದರ ಮೇಲೆ ಬರೆದಿರುತ್ತದೆ. ಹೆಗ್ಡೆಯವರ ಅಳಿಯ ಜಿತೇಶ್, ಅವರ ಅಕ್ಕನ ಮಗ, ಆನ್‌ಲೈನಿನಲ್ಲಿ ಒಂದು ಬೆಲ್ಟು ತರಿಸಿಯೂ ಆಗಿತ್ತು. ಹೆಗ್ಡೆಯವರು ಅದನ್ನು ತೆಗೆದು ತೋರಿಸಿದರು. ನೂರು ಕೆಜಿಯವರೆಗೆ ಅಂತ ಅದರ ಚೀಟಿಯಲ್ಲಿ ಬರೆದಿತ್ತು. ಒಳ್ಳೆ ಕೆಂಪು ಬಣ್ಣ, ಕಟ್ಟಿಕೊಂಡರೆ ನನಗೇ ಬಿಗಿಯಾಗಬಹುದು.

ಪೀಟರನಿಗೆ ಬೆಲ್ಟು ಇರಲಿಲ್ಲ. ಪೀಟರ್ ನನ್ನ ಗಂಡ, ಈ ಶಾಪು ಅವನದ್ದು. ಆರು ವರ್ಷದ ಹಿಂದೆ ಶಿರ್ವದಲ್ಲಿ ಒಂದು ಗಲ್ಫ್‌ನವರ ಮನೆಯ ಮೇಲೆ ಶೀಟು ಹಾಕಲು ಹೋದ. ಮೇಲೆ ನಿಂತು ಕೆಲಸ ಮಾಡುವ ಹಲಗೆ ಬಾಡಿಗೆಗೆ ಕೊಟ್ಟವನು ತೂಕ ಕೇಳಿದಾಗ ಎಂಬತ್ತು ಅಂದನಂತೆ. ಹಲಗೆಗೆ ಮರ್ಯಾದೆ ಮುಲಾಜು ಗೊತ್ತಿಲ್ಲ. ಅಂದಿನಿಂದ ನಾನು ಯಾರ ತೂಕವನ್ನೂ ಅವರ ಬಾಯಿಂದ ಕೇಳಿ ನಂಬಿಲ್ಲ, ಮತ್ತು ಯಾರನ್ನೂ ಕೇಳದೆ ಬಿಟ್ಟಿಲ್ಲ.

ಮರುದಿನ ಮರ ನೋಡಲು ಹೋದೆವು. ಜೊತೆಗೆ ನನ್ನ ವೆಲ್ಡರ್ ಗುರಲಿಂಗಪ್ಪ. ಬಾಗಲಕೋಟೆ ಕಡೆಯವನು, ಪೀಟರ್ ಇದ್ದಾಗಲೇ ಬಂದವನು, ಅವನಿಗೆ ಎಷ್ಟು ದೊಡ್ಡ ಮರವೂ ಗಿಡವೇ. ಗದ್ದೆಯ ಸುತ್ತ ಇರುವುದರಲ್ಲಿ ಅತ್ಯಂತ ಬಲವಾದ ಮರಗಳು ನಾಗಬನದಲ್ಲಿದ್ದವು. ಅತ್ತ ಯಾರೂ ಕಣ್ಣೆತ್ತಲಿಲ್ಲ. ರಬ್ಬರ್ ಮರ ಗಾಳಿಗೇ ಮುರಿಯುತ್ತದೆ. ಹಾಲೆಮರ ನೋಡಲು ಭಾರಿ, ಒಳಗೆ ಬೆಂಡು. ಗೇರಿನ ಹೆಸರನ್ನು ಹೆಗ್ಡೆಯವರೇ ಎತ್ತಲಿಲ್ಲ.

ಕೊನೆಗೆ ಗದ್ದೆಯ ಮೂಲೆಯ ಹಲಸಿನ ಮರಕ್ಕೆ ಬಂದೆವು. ಗುರಲಿಂಗಪ್ಪ ಕಾಂಡವನ್ನು ತಬ್ಬಿ ನೋಡಿದ, ಸುತ್ತಿಗೆಯಿಂದ ತಟ್ಟಿ ಕಿವಿಯಿಟ್ಟು ಕೇಳಿದ, ಬುಡದಲ್ಲಿ ಅಣಬೆ ಎದ್ದಿದೆಯೇ, ತೊಗಟೆ ಬಿಟ್ಟಿದೆಯೇ ಅಂತ ಸುತ್ತು ಬಂದು ನೋಡಿದ. "ಅಕ್ಕಾರ, ಈ ಗಿಡ ಗಟ್ಟಿ ಐತ್ರಿ. ನೆಟ್ಟಗೂ ಐತಿ. ಮೊಳೆ ಹೊಡಿಯೂದು ಬ್ಯಾಡ, ಲಾರಿಗೆ ಬಿಗಿಯೂ ಪಟ್ಟಿ ಎರಡು ಸುತ್ತು ಹಾಕೂಣು." ಆಮೇಲೆ ಹೆಗ್ಡೆಯವರನ್ನೊಮ್ಮೆ ಮರವನ್ನೊಮ್ಮೆ ನೋಡಿ, "ಮೂರು ಸುತ್ತು ಹಾಕೂಣು" ಅಂದ.

ಬೊಂಡದ ಎಳನೀರು ಕುಡಿಯುವ ನೆಪದಲ್ಲಿ ಹೆಗ್ಡೆಯವರ ಹೆಂಡತಿ ಗುಣವತಿಯಕ್ಕ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದರು. "ನೂರ ಹತ್ತು ಉಂಟು. ನಾನು ಹೇಳಿದೆ ಅಂತ ಹೇಳಬೇಡಿ." ಆಮೇಲೆ ಜಿತೇಶ್ ಬೈಕಿನ ಹತ್ತಿರ ಬಂದು ಪಿಸುಗುಟ್ಟಿದ: "ಮಾವ ನೂರ ಐದು ಇರಬಹುದು ಆಂಟಿ. ನನ್ನ ಹೆಸರು ಎತ್ತಬೇಡಿ." ಎಲ್ಲರಿಗೂ ಹೆಗ್ಡೆಯವರ ಮೇಲೆ ಪ್ರೀತಿ. ಈ ಪ್ರೀತಿಯೇ ಅವರನ್ನು ಕೊಲ್ಲುತ್ತದೆ ಅಂತ ನನಗೆ ಸಿಟ್ಟು ಬಂತು.

"ತಕ್ಕಡಿಗೆ ಹತ್ತಿಸಿ ನೋಡುವ" ಅಂದೆ ಗುಣವತಿಯಕ್ಕನಿಗೆ.

"ಅಯ್ಯೋ, ತಕ್ಕಡಿ ಅಂದರೆ ಓಡುತ್ತಾರೆ ಬಾಯಿ. ಎರಡು ವರ್ಷದ ಹಿಂದೆ ಎದೆನೋವು ಬಂದು ಮಣಿಪಾಲದಲ್ಲಿ ಮಲಗಿದ್ದರಲ್ಲ, ಆಗ ನಾನು ಪೆರ್ಡೂರಿನ ದೇವರಿಗೆ ಹೇಳಿಕೊಂಡಿದ್ದೇನೆ. ಇವರು ಎದ್ದು ಮನೆಗೆ ಬಂದರೆ ಬಾಳೆಹಣ್ಣಿನ ತುಲಾಭಾರ ಅಂತ. ಇವತ್ತು ಹೋಗುವ, ನಾಳೆ ಹೋಗುವ ಅಂತ ಎರಡು ವರ್ಷ ಆಯಿತು. ಹರಕೆ ಬಾಕಿ ಇಟ್ಟುಕೊಂಡು ಮರ ಹತ್ತುತ್ತಾರಂತೆ. ನನಗೆ ಅನ್ನ ಸೇರುವುದಿಲ್ಲ."

ನಾನು ಕ್ರಿಸ್ತಿಯಾನಿ, ಹರಕೆಯ ಲೆಕ್ಕ ಅವರಿಗೂ ಅವರ ದೇವರಿಗೂ ಬಿಟ್ಟದ್ದು. ಆದರೆ ದೇವರಿಗೇ ತೂಕ ಹೇಳದ ಮನುಷ್ಯ ನನಗೆ ಹೇಳುತ್ತಾನೆ ಅನ್ನುವ ಆಸೆ ಅಲ್ಲಿಗೆ ಮುಗಿಯಿತು.

ಅಟ್ಟಣೆ ಐದು ದಿನದಲ್ಲಿ ತಯಾರಾಯಿತು. ಹನ್ನೆರಡು ಅಡಿಯ ಏಣಿ, ಮೆಟ್ಟಿಲುಗಳು ಹತ್ತಿರ ಹತ್ತಿರ. ಸೀಟು ಬೆಂಚಿನಷ್ಟು ಅಗಲ, ಕಾಲಿಡಲು ಜಾರದ ಗೀರುಗಳಿರುವ ತಗಡು, ಬೆನ್ನಿಗೆ ಒರಗು, ಮುಂದೆ ಕೋವಿ ಇಡಲು ಅಡ್ಡಕಂಬಿ. ಕೈಯಲ್ಲಿ ಕೋವಿ ಹಿಡಿದು ಏಣಿ ಹತ್ತಬಾರದು, ತೋಟೆ ತೆಗೆದ ಕೋವಿಯನ್ನು ಆಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು ಅಂತ ಹೆಗ್ಡೆಯವರಿಗೆ ಮೂರು ಸಲ ಹೇಳಿದೆ. ಮೂರು ಸಲವೂ ಅವರು, "ನನಗೆ ಕೋವಿ ಕಲಿಸುವುದು ಬೇಡ" ಅಂದರು.

ಹಲಸಿನ ಮರಕ್ಕೆ ಅದನ್ನು ಬಿಗಿದದ್ದು ಶನಿವಾರ ಮಧ್ಯಾಹ್ನ. ನೋಡಲು ಅಕ್ಕಪಕ್ಕದ ಮನೆಯವರೆಲ್ಲ ಬಂದು ಗದ್ದೆಯ ಹುಣಿಯ ಮೇಲೆ, ಆ ಕಿರಿದಾದ ಮಣ್ಣಿನ ಬದುವಿನ ಉದ್ದಕ್ಕೂ, ಸಾಲಾಗಿ ನಿಂತಿದ್ದರು. ಹೆಗ್ಡೆಯವರು ಬಿದ್ದದ್ದನ್ನು ಹಿಂದಿನ ಸಲ ತಪ್ಪಿಸಿಕೊಂಡ ಬೇಜಾರು ಅವರಿಗೆ.

ಗುರಲಿಂಗಪ್ಪನದ್ದು ಒಂದು ಪದ್ಧತಿ. ಮನುಷ್ಯ ಹತ್ತುವ ಮೊದಲು ಅವನ ಎರಡರಷ್ಟು ತೂಕದ ಮರಳುಚೀಲ ಸೀಟಿನ ಮೇಲೆ ಅರ್ಧ ಗಂಟೆ ಕೂರಬೇಕು. "ಎಷ್ಟು ಚೀಲ ಏರಿಸ್ಲಿ ಅಕ್ಕಾರ?" ಅಂತ ಗಟ್ಟಿಯಾಗಿ ಕೇಳಿದ. ಚೀಲಕ್ಕೆ ಐವತ್ತು ಕೆಜಿ.

"ನಾಲ್ಕು" ಅಂದರು ಹೆಗ್ಡೆಯವರು ನನಗಿಂತ ಮೊದಲು.

ಗುರಲಿಂಗಪ್ಪ ಹಗ್ಗ ರಾಟೆ ಹಾಕಿ ನಾಲ್ಕು ಏರಿಸಿದ. ಯಾರೂ ಕೇಳದೆ ಐದನೆಯದು ಏರಿತು. ಆರನೆಯದಕ್ಕೆ ಹುಣಿಯ ಮೇಲೆ ಯಾರೋ ಕಿಸಕ್ಕೆಂದರು. ಏಳನೆಯದಕ್ಕೆ ಹೆಗ್ಡೆಯವರ ಮುಖ ಅವರ ಬೆಲ್ಟಿನ ಬಣ್ಣಕ್ಕೆ ಬಂತು. ಅಟ್ಟಣೆ ಮಾತ್ರ ಮಿಸುಕಲಿಲ್ಲ. ಅರ್ಧ ಗಂಟೆ ಕಾದು, ಪಟ್ಟಿಗಳನ್ನು ಮತ್ತೆ ಬಿಗಿದು, ಚೀಲ ಇಳಿಸಿದೆವು. ನನ್ನ ಕೆಲಸದ ಮೇಲೆ ನನಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹೆಗ್ಡೆಯವರು ಆ ಕೆಂಪು ಬೆಲ್ಟನ್ನು ಹೇಗೋ ಉಸಿರು ಬಿಗಿಹಿಡಿದು ಕಟ್ಟಿಕೊಂಡು ಏಣಿಯ ಹತ್ತಿರ ಬಂದರು. ನಾನು ಹೋಗಿ ಏಣಿಯ ಎರಡನೆಯ ಮೆಟ್ಟಿಲ ಮೇಲೆ ಕೂತೆ.

"ಎಂತ ಬಾಯಿ ಇದು? ಏಳಿ."

"ತೂಕ ಹೇಳಿ, ಹತ್ತಿ."

"ಏಳು ಚೀಲ ತಾಳಿತಲ್ಲ! ಇನ್ನೆಂತ ಬೇಕು ನಿಮಗೆ?"

"ಅಟ್ಟಣೆ ತಾಳುತ್ತದೆ. ಬೆಲ್ಟು ನೂರು ಕೆಜಿಯದ್ದು. ಸಂಜೆ ಹೊತ್ತು ಒಬ್ಬರೇ ಕೂತಿರುತ್ತೀರಿ, ತಲೆ ತಿರುಗಿತು ಅಂತ ಇಟ್ಟುಕೊಳ್ಳಿ. ಅದು ಹರಿಯುತ್ತದೆ."

"ತೊಂಬತ್ತೈದು ಅಂತ ಹೇಳಿದೆನಲ್ಲ ನಾನು!"

ನನಗೆ ಕೂಗಾಡಬೇಕು ಅನ್ನಿಸಿತು, ಆದರೆ ಬಾಯಿಗೆ ಬಂದದ್ದು ಬೇರೆಯೇ ಮಾತು.

"ನನ್ನ ಪೀಟರ್ ಎಂಬತ್ತು ಅಂದಿದ್ದ ಹೆಗ್ಡೆರೇ. ಅವನ ನಿಜವಾದ ತೂಕ ನನಗೆ ಗೊತ್ತಾದದ್ದು ಇಗರ್ಜಿಯಿಂದ ಹೂಳಲಿಕ್ಕೆ ಸಿಮಿತ್ರಿಗೆ ಕೊಂಡುಹೋಗುವ ದಾರಿಯಲ್ಲಿ. ಪೆಟ್ಟಿಗೆ ಹೊತ್ತವರು ಅಷ್ಟು ದೂರಕ್ಕೆ ಎರಡು ಸಲ ಭುಜ ಬದಲಿಸಿದರು. ನಾನು ಹಿಂದೆ ನಡೆಯುತ್ತಾ, ಇವನು ಎಂಬತ್ತು ಅಲ್ಲ, ಎಂಬತ್ತು ಅಲ್ಲ ಅಂತಲೇ ಎಣಿಸಿಕೊಂಡೆ. ಆಗ ಗೊತ್ತಾಗಿ ಎಂತ ಮಾಡುವುದು? ನಿಮ್ಮ ತೂಕವನ್ನು ಗುಣವತಿಯಕ್ಕ ಹಾಗೆ ತಿಳಿದುಕೊಳ್ಳುವುದು ಬೇಡ. ನಾನು ಇಲ್ಲಿಂದ ಏಳುವುದಿಲ್ಲ."

ಕಣ್ಣೀರು ಬಂತು. ಇಷ್ಟು ಜನರ ಎದುರು ಬಂತಲ್ಲ ಅಂತ ನನ್ನ ಮೇಲೆಯೇ ಸಿಟ್ಟೂ ಬಂತು. ಗುರಲಿಂಗಪ್ಪ ತಲೆ ತಗ್ಗಿಸಿ ನಿಂತಿದ್ದ. ಆ ಪೆಟ್ಟಿಗೆಯ ಒಂದು ಮೂಲೆ ಹೊತ್ತವನು ಅವನು.

ಹೆಗ್ಡೆಯವರು ಮರದ ಕಡೆ ಮುಖ ಮಾಡಿ, ಮರಕ್ಕೇ ಹೇಳುವ ಹಾಗೆ ಹೇಳಿದರು. "ನೂರ ಮೂವತ್ತೊಂಬತ್ತು. ಮೊನ್ನೆ ಮಂಗಳವಾರ."

"ಮಂಗಳವಾರ?" ಅಂದರು ಗುಣವತಿಯಕ್ಕ.

"ಪ್ರತಿ ಮಂಗಳವಾರ ನೋಡುತ್ತೇನೆ. ಬಜಗೋಳಿಯಲ್ಲಿ ರಬ್ಬರ್ ಶೀಟು ತೂಗುತ್ತಾರಲ್ಲ, ಅಲ್ಲಿ. ಊಟದ ಹೊತ್ತಿಗೆ ಯಾರೂ ಇರುವುದಿಲ್ಲ." ಈಗ ಅವರು ಹೆಂಡತಿಯ ಕಡೆ ತಿರುಗಿದರು. "ನೂರಕ್ಕೆ ಇಳಿದ ಮೇಲೆ ಪೆರ್ಡೂರಿಗೆ ಹೋಗುವ ಅಂತ ಇದ್ದೆ. ನೀನು ಎಣಿಸಿದ್ದು ನನಗೆ ಹರಕೆ ಅಂದರೆ ಅಸಡ್ಡೆ ಅಂತ. ಅಲ್ಲ ಮಾರಾಯ್ತಿ. ಎರಡು ವರ್ಷದಿಂದ ರಾತ್ರಿಗೆ ಗಂಜಿ ಮಾತ್ರ ಉಣ್ಣುತ್ತಿದ್ದೇನೆ, ಮೀನು ಹುರಿದದ್ದು ಬಿಟ್ಟೆ, ಬೆಳಿಗ್ಗೆ ಗದ್ದೆ ಸುತ್ತುತ್ತೇನೆ. ನಾಲ್ಕು ಕೆಜಿ ಹೆಚ್ಚಾಯಿತು. ಇಷ್ಟು ದೊಡ್ಡ ದೇಹ ತೆಗೆದುಕೊಂಡು ಹೋಗಿ ದೇವರ ಎದುರು ಹೇಗೆ ಕೂರುವುದು? ನಾಚಿಕೆ ಆಗುತ್ತದೆ."

ನಾವೆಲ್ಲ ಅವರ ಸುಳ್ಳಿಗೆ ನಗುತ್ತಿದ್ದಾಗ ಈ ಮನುಷ್ಯ ಹಸಿದುಕೊಂಡು ಮಲಗುತ್ತಿದ್ದರು. ನನಗೆ ಮುಖ ಎತ್ತಲಾಗಲಿಲ್ಲ.

ಗುಣವತಿಯಕ್ಕ ಕೆಸರಿಗೆ ಇಳಿದು, ಸೀರೆಯ ಅಂಚು ಒದ್ದೆಯಾದದ್ದನ್ನೂ ಲೆಕ್ಕಿಸದೆ ಅವರ ಎದುರು ಬಂದು ನಿಂತರು. "ನೂರ ಮೂವತ್ತೊಂಬತ್ತೂ ನೀವೇ ಅಲ್ವಾ? ನಾನು ಮಣಿಪಾಲದ ವರಾಂಡದಲ್ಲಿ ನಿಂತು ದೇವರ ಹತ್ತಿರ ಕೇಳಿದ್ದು ಅಷ್ಟನ್ನೂ. ತೊಂಬತ್ತೈದು ಮಾತ್ರ ಉಳಿಸಿಕೊಡು ಅಂತ ಕೇಳಿದೆನಾ?"

ಹೆಗ್ಡೆಯವರು ಎದೆಯ ಮೇಲಿನ ಬಕ್ಕಲ್ ಬಿಚ್ಚಲು ನೋಡಿದರು, ಅದು ಸಿಕ್ಕಿಹಾಕಿಕೊಂಡಿತ್ತು. ಗುರಲಿಂಗಪ್ಪ ಬಂದು, "ಉಸ್ರು ಬಿಡ್ರಿ ಸಾಹೇಬ್ರ" ಅಂತ ಹೇಳಿ, ಕಟಿಂಗ್ ಪ್ಲೇಯರ್ ಹಾಕಿ ಬಿಡಿಸಿದ. ಬೆಲ್ಟು ಬಿಚ್ಚಿಕೊಂಡಾಗ ಅವರು ನಿಜವಾಗಿಯೂ ಉಸಿರು ಬಿಟ್ಟರು.

ನಾನು ಮೂಗು ಒರೆಸಿಕೊಂಡು ಮಂಗಳೂರಿನ ಬೆಲ್ಟ್ ಮಾರುವವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮರ ಹತ್ತಲಿಕ್ಕೆ ಬೆಲ್ಟು ಬೇಕು, ದೊಡ್ಡದು, ಸೋಮವಾರದೊಳಗೆ ಬೇಕು ಅಂದೆ. "ಎಷ್ಟು ತೂಕದವರಿಗೆ ಮೇಡಂ?" ಅಂತ ಅವನು ಕೇಳಿದ. ನಾನು ಸ್ಪೀಕರ್ ಹಾಕಿ ಫೋನನ್ನು ಹೆಗ್ಡೆಯವರ ಮುಖದ ಹತ್ತಿರ ಹಿಡಿದೆ. ಅವರು ಹುಣಿಯ ಮೇಲಿನ ಜನರನ್ನೆಲ್ಲ ಒಮ್ಮೆ ನೋಡಿದರು, ಹೆಂಡತಿಯನ್ನು ನೋಡಿದರು, ಗಂಟಲು ಸರಿ ಮಾಡಿಕೊಂಡರು.

"ನೂರ ಮೂವತ್ತೊಂಬತ್ತು" ಅಂದರು. ಆಚೆಯವನಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಹೆಗ್ಡೆಯವರು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು.