ಮನೆಯವರು ಕಡೆಯ ಪಂಕ್ತಿಗೆ

ರಂಜನಾ ನಮ್ಮ ಮನೆಗೆ ಬಾಡಿಗೆಗೆ ಬಂದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಿದವರೆಲ್ಲ ಅವಳನ್ನು ನನ್ನ ತಂಗಿ ಎಂದೇ ತಿಳಿಯುತ್ತಿದ್ದರು, ಅವ್ವನೂ ಹಾಗೇ ತಿಳಿದಳು, ಕಡೆಗೆ ನಾನೂ ತಿಳಿದೆ. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಒಂದು ಸೂಟ್‌ಕೇಸು, ಒಂದು ಡಬ್ಬಿ ಶೇಂಗಾ ಚಟ್ನಿ ಹಿಡಿದು ಪುಣೆಯ ಧನಕವಡಿಯ ನಮ್ಮ ಬಾಗಿಲಿಗೆ ಬಂದಳು. ಮಗರಪಟ್ಟಾದ ಒಂದು ಕಾಲ್ ಸೆಂಟರಿನಲ್ಲಿ ಕೆಲಸ. ಮರಾಠಿ ಬರುತ್ತಿರಲಿಲ್ಲ, ರಿಕ್ಷಾದವರ ಜೊತೆ ಜಗಳಾಡಲೂ ಬರುತ್ತಿರಲಿಲ್ಲ. ಎರಡನ್ನೂ ನಾನು ಕಲಿಸಿದೆ. ಊಟ ಅವ್ವ ನೋಡಿಕೊಂಡಳು.

ಅವ್ವ ಅಂದರೆ ಶಿವಗಂಗವ್ವ. ಗದಗಿನಿಂದ ಬಂದು ಮಾರ್ಕೆಟ್ ಯಾರ್ಡಿನ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಬ್ಯಾಂಕಿನ ಕೆಲಸಕ್ಕೆ ಹೋದೆನೆಂದರೆ ಅವಳಿಗೆ ಮಾತಿಗೆ ಗೋಡೆಯೇ ಗತಿ. ರಂಜನಾ ಬಂದ ಮೇಲೆ ಮನೆಗೆ ಬಾಯಿ ಬಂತು. ಭಾನುವಾರ ಅವಳನ್ನು ಮುಂದೆ ಕೂರಿಸಿಕೊಂಡು, ತಲೆಗೆ ಎಣ್ಣೆ ತಟ್ಟುತ್ತ ಅವ್ವ ಗದಗಿನ ಹಳೆಯ ಸುದ್ದಿಗಳನ್ನೆಲ್ಲ ತೆಗೆಯುತ್ತಿದ್ದಳು. ಆಮೇಲೆ ನನ್ನ ತಲೆಗೂ ಎಣ್ಣೆ ಸಿಗುತ್ತಿತ್ತು, ಉಳಿದಿದ್ದರೆ.

ಮರುವರ್ಷ ನಮ್ಮ ಮನೆಯ ಕಂಪ್ಯೂಟರಿಗೆ ಆರ್ಕುಟ್ ಬಂತು, ಫೇಸ್‌ಬುಕ್ಕಿಗಿಂತ ಮೊದಲಿನ ಸ್ನೇಹಿತರ ತಾಣ. ಆಫೀಸಿನ ಯಾರೋ ಕರೆದರೆಂದು ರಂಜನಾ ಸೇರಿದಳು, ನನ್ನನ್ನೂ ಎಳೆದುಕೊಂಡಳು. ಅವ್ವ ಹಿಂದೆ ನಿಂತು ನೋಡಿ, "ನಮ್ಮ ಕಡೀ ಮಂದಿ ಯಾರರ ಅದಾರೇನು ನೋಡ್ರೆವಾ ಅದರಾಗ," ಅಂದಳು. ಹಾಗೆ ಶುರುವಾದದ್ದು 'ಪುಣೆಯ ನಮ್ಮ ಮಂದಿ' ಎಂಬ ಕಮ್ಯುನಿಟಿ. ಒಂದೇ ಕುರ್ಚಿಯಲ್ಲಿ ಇಬ್ಬರೂ ಅರ್ಧರ್ಧ ಕೂತು ಮಾಡಿದ್ದು. ಹೆಸರು ನಾನು ಇಟ್ಟೆ, ಓನರ್ ಅವಳಾದಳು. ನನಗೆ ಅದರಲ್ಲಿ ಬೇಸರವಿರಲಿಲ್ಲ.

ಮೊದಲ ಭೇಟಿ ನಮ್ಮ ಮನೆಯಲ್ಲೇ ಆಯಿತು. ಧಾರವಾಡ, ಬೆಳಗಾವಿ, ವಿಜಾಪುರದ ಕೆಲವರು ಬಂದರು. ಅವ್ವ ಬೆಳಗಿನಿಂದ ರೊಟ್ಟಿ ಬಡಿದು ಎಣ್ಣೆಗಾಯಿ ಮಾಡಿದ್ದಳು. ಹಾಲ್ ಚಿಕ್ಕದು, ಎಲ್ಲರೂ ಒಟ್ಟಿಗೆ ಕೂರುವಂತಿರಲಿಲ್ಲ. ರಂಜನಾ ಹಸಿದಿದ್ದಳು, ಬಂದವರ ಜೊತೆ ತಾಟಿನ ಮುಂದೆ ಕೂತೇಬಿಟ್ಟಳು. ಅವ್ವ ರಟ್ಟೆ ಹಿಡಿದು ಎಬ್ಬಿಸಿದಳು. "ಏಳು, ನೀ ಎಲ್ಲಿ ಕುಂತಿ? ಹೊರಗಿನವರು ಮೊದಲ ಉಣ್ಣಲಿ. ಮನಿಯವರು ಕಡೀ ಪಂಗ್ತಿಗೆ."

ಇನ್ನೊಬ್ಬಳಾಗಿದ್ದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದಳು. ರಂಜನಾ ಅಡಿಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ನನಗ ಮನಿಯಾಕಿ ಅಂದ್ಲು ನೋಡಲೇ ಅವ್ವ," ಎಂದಳು. ಕಣ್ಣು ತುಂಬಿದ್ದವು. ಎಲ್ಲರೂ ಹೋದ ಮೇಲೆ ಮುರಿದ ರೊಟ್ಟಿ, ತಳ ಹತ್ತಿದ ಎಣ್ಣೆಗಾಯಿ ಮೂವರೂ ಒಂದೇ ತಾಟಿನಲ್ಲಿ ಉಂಡೆವು. ಅಂಥ ಊಟ ನಾನು ಮತ್ತೆ ಉಂಡಿಲ್ಲ.

ನನಗೆ ಅವಳ ಮೇಲೆ ಸಿಟ್ಟಿದೆ, ಆದರೆ ಸುಳ್ಳು ಹೇಳಲಾರೆ. ಜನರ ಮೇಲೆ ಅವಳಿಗಿದ್ದದ್ದು ನಾಟಕದ ಪ್ರೀತಿಯಲ್ಲ. ಯಾರ ತಂದೆಗೆ ಆಪರೇಷನ್, ಯಾರಿಗೆ ಇಂಟರ್‌ವ್ಯೂ, ಯಾರ ಮದುವೆ ಮುರಿದಿದೆ, ಎಲ್ಲ ನೆನಪಿಟ್ಟು ವಿಚಾರಿಸುತ್ತಿದ್ದಳು. ಹೊಸಬರಿಗೆ ಕೋಣೆ ಹುಡುಕಿ ಕೊಟ್ಟಳು. ರಾತ್ರಿ ಪಾಳಿ ಮುಗಿಸಿ ಬಂದವಳು ಯಾರಿಗೋ ರಕ್ತ ಬೇಕೆಂದು ಆಸ್ಪತ್ರೆಗೆ ಓಡಿದ್ದನ್ನು ನಾನೇ ಕಂಡಿದ್ದೇನೆ. ಜನ ಒಲಿಯದೆ ಏನು ಮಾಡುತ್ತಾರೆ? ಅವಳ ಪುಟದಲ್ಲಿ ಫ್ಯಾನ್‌ಗಳು ಬೆಳೆದರು, ಹೊಗಳಿಕೆಯ ಟೆಸ್ಟಿಮೋನಿಯಲ್‌ಗಳು ಬೆಳೆದವು. 'ನಮ್ಮ ಅಕ್ಕ' ಎಂದು ಬರೆದವರಲ್ಲಿ ಅರ್ಧ ಮಂದಿ ಅವಳನ್ನು ಕಂಡವರೇ ಅಲ್ಲ.

ಓಡಾಟ ಕಷ್ಟವೆಂದು ಅವಳು ಆಫೀಸಿಗೆ ಹತ್ತಿರದ ಹಡಪಸರದಲ್ಲಿ ಗೆಳತಿಯರ ಜೊತೆ ಫ್ಲ್ಯಾಟ್ ಹಿಡಿದಳು. "ವಾರಕ್ಕೊಮ್ಮೆ ಬಂದ ಬರ್ತೇನ್ರಿ ಅವ್ವಾ," ಅಂದಳು. ವಾರ ಹದಿನೈದು ದಿನವಾಯಿತು, ಆಮೇಲೆ ತಿಂಗಳು. ಬಂದಾಗಲೂ ಕಂಪ್ಯೂಟರಿನ ಮುಂದೆ. ಅವಳ ಪುಟದಲ್ಲಿ ಜನ ಬರೆದು ಹಾಕುವ ಸ್ಕ್ರ್ಯಾಪ್‌ಗಳು ಅಷ್ಟು ಬೀಳುತ್ತಿದ್ದವು. ಒಬ್ಬೊಬ್ಬರಿಗೂ ಬರೆಯಲಾಗದೆ ಒಂದೆರಡು ಚೆಂದದ ಉತ್ತರ ಮಾಡಿಟ್ಟುಕೊಂಡು ಅವನ್ನೇ ಅಂಟಿಸುತ್ತ ಹೋಗುತ್ತಿದ್ದಳು. "ಯಾರಿಗೂ ಬ್ಯಾಸರ ಆಗಬಾರದಲೇ," ಎನ್ನುತ್ತಿದ್ದಳು. ಯಾರಿಗೂ ಅನ್ನುವುದರಲ್ಲಿ ನಾವು ಬರುತ್ತಿರಲಿಲ್ಲ, ಯಾಕೆಂದರೆ ನಾವು ಮನೆಯವರು.

ಆರ್ಕುಟ್‌ನಲ್ಲಿ ಸಾವಿರಕ್ಕಿಂತ ಹೆಚ್ಚು ಸ್ನೇಹಿತರನ್ನು ಸೇರಿಸಲು ಬರುತ್ತಿರಲಿಲ್ಲ. ಆ ಸಾವಿರ ತುಂಬಿದ ವಾರ ಅವಳು ಊಟಕ್ಕೆ ಬಂದಿದ್ದಳು. ಮಜ್ಜಿಗೆ ಅನ್ನ ಕಲಸುತ್ತ ಅಂದಳು, "ಶೈಲಾ, ನಿನ್ನನ್ನ ನನ್ನ ಲಿಸ್ಟಿನಿಂದ ತಗದೇನಿ. ಸಿಟ್ಟಾಗಬ್ಯಾಡ. ತಳೇಗಾಂವದ ಫ್ಯಾಕ್ಟರಿಗೆ ಮಾಂತು ಅಂತ ಒಬ್ಬ ಹುಡುಗ ಬಂದಾನ, ಯಾರೂ ಇಲ್ಲ ಅವಂಗ. ಜಾಗ ಬೇಕಿತ್ತು. ನೀ ಮನಿಯಾಕಿ, ನಿನಗ್ಯಾಕ ಬೇಕು ಅದು?"

ಅವ್ವ ನಕ್ಕುಬಿಟ್ಟಳು. "ಖರೇನ ಅದ. ಮನಿಯವರು ಕಡೀಕ."

ನಾನೂ ನಕ್ಕೆ. ಅಷ್ಟು ಸಣ್ಣ ವಿಷಯಕ್ಕೆ ಮುನಿಸಿಕೊಂಡರೆ ಮಕ್ಕಳಾಟ ಎನ್ನುತ್ತಾರೆಂದು ಅವಳ ತಾಟಿಗೆ ಇನ್ನಷ್ಟು ಮಜ್ಜಿಗೆ ಹಾಕಿದೆ. ಒಂದು ಯಂತ್ರದ ಪಟ್ಟಿಯಲ್ಲಿ ನನ್ನ ಹೆಸರಿದ್ದರೆಷ್ಟು, ಬಿಟ್ಟರೆಷ್ಟು?

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನ ಕಾಲಿಗೆ ಬಾವು ಬಂತು, ನಾಲ್ಕು ಹೆಜ್ಜೆಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಹೃದಯ ಸೋತಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ಚೆನ್ನಾಗಿ ನೋಡಿಕೊಳ್ಳಿ ಅಂದರೆ ಏನೆಂದು ನನಗೆ ತಿಳಿಯಿತು, ಅವ್ವನಿಗೂ ತಿಳಿಯಿತು. ಅವಳು ಕೇಳಿದ್ದು ಒಂದೇ. "ರಂಜನಾಗ ಬಾ ಅನ್ನು. ಆಕಿ ತಲಿಗೆ ಎಣ್ಣಿ ಹಚ್ಚಿ ಭಾಳ ದಿನ ಆತು."

ಕೆಲಸದ ಹೊತ್ತಿನಲ್ಲಿ ಅವಳ ಫೋನು ಲಾಕರಿನಲ್ಲಿ, ಹಗಲು ಮಲಗಿದಾಗ ಸ್ವಿಚ್ ಆಫ್. ಹೇಗೋ ಒಮ್ಮೆ ಸಿಕ್ಕಳು. "ಅವ್ವಗ ಹೇಳು, ಈ ಐತಾರ ಏನ ಆಗಲಿ ಬರ್ತೇನಿ," ಅಂದಳು.

ಆ ಭಾನುವಾರ ಅವ್ವ ಬೆಳಿಗ್ಗೆಯೇ ಎದ್ದು ಮಂಚಕ್ಕೆ ಒರಗಿ ಕೂತಳು, ಪಕ್ಕದಲ್ಲಿ ಹಣಿಗೆ, ಎಣ್ಣೆ ಬಟ್ಟಲು. ಮಧ್ಯಾಹ್ನವಾಯಿತು. ಪಕ್ಕದ ಮನೆಯ ಸಾವಿತ್ರಿಬಾಯಿ ಇಣುಕಿ, ಬಂದಳೇ ಎಂದು ಮರಾಠಿಯಲ್ಲಿ ಕೇಳಿ ಹೋದಳು. ಸಂಜೆ ಕಂಪ್ಯೂಟರ್ ತೆರೆದರೆ ತಳೇಗಾಂವದಲ್ಲಿ ಅಂದೇ ನಡೆದ ಭೇಟಿಯ ಫೋಟೋಗಳು ಬಿದ್ದಿದ್ದವು. ಮಾಂತುವಿನ ಹುಟ್ಟುಹಬ್ಬವಂತೆ. ನಡುವೆ ರಂಜನಾ, ಸುತ್ತ ಹೊಸ ಮುಖಗಳು. ನನಗೆ ಕಂಪ್ಯೂಟರನ್ನೇ ಎತ್ತಿ ಒಗೆಯಬೇಕೆನಿಸಿತು.

ಅವ್ವನಿಗೆ ಹೇಳಿದರೆ ಅವಳಿಗೆ ಸಿಟ್ಟೇ ಇಲ್ಲ. "ಬರ್ತಾಳ ಬಿಡವಾ. ಹೊರಗಿನವರದು ಮುಗೀಲಿ." ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿಸಿ ಮಂಚದ ಕೆಳಗೇ ಇಡಿಸಿದಳು.

ವಾರ ಕಳೆಯುವುದರಲ್ಲಿ ಅವಳಿಗೆ ಕೂರಲೂ ಆಗದಾಯಿತು. ರಂಜನಾಳ ಫೋನು ಹತ್ತಲಿಲ್ಲ. ಅರ್ಜೆಂಟ್ ಇದ್ದರೆ ಸ್ಕ್ರ್ಯಾಪ್ ಹಾಕಿ ಎಂದು ಅವಳು ಎಲ್ಲರಿಗೂ ಹೇಳಿಟ್ಟಿದ್ದಳು, ನಾನೂ ಹಾಕಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿದೆ: "ಅವ್ವ ನಿನ್ನ ನೋಡಬೇಕಂತಾಳ. ಇನ್ನ ಭಾಳ ದಿನ ಇಲ್ಲ. ಬಾ." ಅದರ ಮೇಲೆ ಯಾರದೋ ಮಿನುಗುವ ಗುಲಾಬಿ, ಕೆಳಗೆ ಇನ್ಯಾರದೋ ಗುಡ್ ಮಾರ್ನಿಂಗ್. ನಡುವೆ ನಮ್ಮ ಅವ್ವ.

ಮರುದಿನ ಉತ್ತರ ಬಂದಿತ್ತು. "ನಿಮ್ಮ ಪ್ರೀತಿಗೆ ಭಾಳ ಥ್ಯಾಂಕ್ಸ್ ರೀ. ಹಿಂಗ ಜೋಡಿ ಇರ್ರಿ. ನಿಮ್ಮ ರಂಜನಾ."

ಗುಲಾಬಿಯವರಿಗೂ ಅದೇ, ಗುಡ್ ಮಾರ್ನಿಂಗ್‌ನವರಿಗೂ ಅದೇ ಹೋಗಿತ್ತು. ಓದಿಲ್ಲ, ಅಂಟಿಸಿಕೊಂಡು ಹೋಗಿದ್ದಾಳೆ ಎಂದು ನನಗೆ ಗೊತ್ತಾಯಿತು. ಗೊತ್ತಾದರೆ ನೋವು ಕಡಿಮೆಯಾಗುತ್ತದೆಯೇ? ನನ್ನನ್ನು ಲೇ ಎನ್ನುತ್ತಿದ್ದವಳು ರೀ ಎಂದಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಒಳಗಿನಿಂದ ಅವ್ವ, "ಏನಂದ್ಲು?" ಎಂದು ಕೇಳಿದಳು.

"ಬರ್ತಾಳಂತ."

"ನಾ ಹೇಳಲಿಲ್ಲೇನು," ಎಂದಳು ಅವ್ವ. ಅದು ಅವಳು ನನ್ನೊಡನೆ ಆಡಿದ ಕಡೆಯ ಮಾತು. ಮರುದಿನ ಬೆಳಿಗ್ಗೆ ನಾನು ಚಹಾ ಕುದಿಸಿ ತರುವುದರೊಳಗೆ ಹೋಗಿಬಿಟ್ಟಿದ್ದಳು.

ಮಾಂತು ನಮ್ಮ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದ, ಅವನ ನಂಬರ್ ನನ್ನ ಹತ್ತಿರವಿತ್ತು. ಅವನಿಗೆ ಹೇಳಿದೆ, ಅವನು ರಂಜನಾಗೆ ಮುಟ್ಟಿಸಿದ. ಮಣ್ಣು ಕೊಟ್ಟು ಬಂದು ನಾವು ಮನೆ ತೊಳೆದಾದ ಮೇಲೆ, ಸಂಜೆ, ಎರಡು ಗಾಡಿ ತುಂಬ ಜನ ಬಂದರು. ಮುಂದೆ ರಂಜನಾ. ನನ್ನನ್ನು ಅಪ್ಪಿಕೊಂಡು ಓಣಿಗೆಲ್ಲ ಕೇಳುವ ಹಾಗೆ ಅತ್ತಳು. "ಅವ್ವ ಮನಿಯಾಕಿ, ಎಲ್ಲಿ ಹೋಗ್ತಾಳ ಅಂದುಕೊಂಡಿದ್ದೆ ಶೈಲಾ. ಎಲ್ಲಾರದೂ ಮುಗಿಸಿ ಆಕಿ ಕಡೆ ಬರ್ಬೇಕಂತಿದ್ದೆ."

ಅವಳ ಮುಖಕ್ಕೆ ರಾಚುವಂಥ ಮಾತುಗಳನ್ನು ಬೆಳಗಿನಿಂದ ಸಜ್ಜು ಮಾಡಿಟ್ಟುಕೊಂಡಿದ್ದೆ. ಅವಳ ಜಡೆ ಒಣಗಿ ಕಸಬರಿಗೆಯಂತಾಗಿತ್ತು. ಅದನ್ನು ಸವರುತ್ತ ನಿಂತೆ. ಇವಳೊಬ್ಬಳು ಈ ರಾತ್ರಿ ಇಲ್ಲೇ ಉಳಿಯಲಿ, ಅಷ್ಟು ಸಾಕು ಎನಿಸಿತು.

ಆದರೆ ಜನವಿತ್ತಲ್ಲ. ಒಬ್ಬರಿಗೆ ನೀರು ಬೇಕಿತ್ತು, ಒಬ್ಬಳು ಅವ್ವನನ್ನು ನೋಡಿರದಿದ್ದರೂ ಬಿಕ್ಕುತ್ತಿದ್ದಳು. ರಂಜನಾ ಕಣ್ಣೊರೆಸಿಕೊಂಡು ಎದ್ದಳು. ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆತಂದು ನನಗೆ ಪರಿಚಯ ಮಾಡಿಸಿದಳು. ಒಲೆ ಹಚ್ಚದ ಮನೆಯೆಂದು ಅವರು ಅನ್ನ, ಕಡಲೆಹಿಟ್ಟಿನ ಝುಣಕಾ ತಂದಿದ್ದರು. ದೂರ ಹೋಗುವವರಿಗೆ ಮೊದಲು ಬಡಿಸಿದಳು. ನಾನು ಒಳಗೆ ಅವ್ವನ ಬರಿಯ ಮಂಚದ ಹತ್ತಿರ ಕೂತು ಅವಳ ದಾರಿ ನೋಡಿದೆ. ಕಡೆಗೆ ಒಂದು ತಾಟು ಹಿಡಿದು ಬಂದು, "ನಾವಿಬ್ಬರೂ ಈಗ ಉಣ್ಣೋಣು," ಎಂದು ಪಕ್ಕದಲ್ಲಿ ಕೂತಳು. ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಯಾರೋ ಅಕ್ಕಾ ಎಂದು ಕರೆದರು.

ಅವಳು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಎಲ್ಲಾರನೂ ಮನಿ ಮುಟ್ಟಿಸಬೇಕಲೇ," ಎಂದು ಎದ್ದಳು.

ಸಾವಾದ ಮನೆಯಿಂದ ಏಳುವಾಗ ಯಾರೂ ಹೋಗಿ ಬರ್ತೇನಿ ಎನ್ನುವುದಿಲ್ಲ. ಹಾಗೆಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದಂತೆ. ಬಂದವರೆಲ್ಲ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಇಳಿದರು. ಹೊಸ್ತಿಲಲ್ಲಿ ರಂಜನಾ ತಿರುಗಿ ಬಾಯಿ ತೆರೆದಳು. ಸಾವಿತ್ರಿಬಾಯಿ ಬೇಡವೆಂದು ಕೈ ಅಲ್ಲಾಡಿಸಿದಳು. ಶಾಸ್ತ್ರ ಹಾಳಾಗಿ ಹೋಗಲಿ, ಒಮ್ಮೆ ಬರ್ತೇನಿ ಅಂದುಬಿಡು ಎಂದು ನನ್ನ ಜೀವ ಒದ್ದಾಡಿತು. ಅವಳು ಅನ್ನಲಿಲ್ಲ. ಆಮೇಲೆ ಬರಲೂ ಇಲ್ಲ.