ತಬಸ್ಸುಮಳ ಅವಸರದ ಕೈ

"ಕೈ ತಗೀ! ತಗೀ ಅಂದ್ರ ತಗೀಬೇಕು!" ನಾನು ಒದರಿದೆ.

"ಹರದು ಹೋಗತೈತ್ರಿ ಅವ್ವಾರ," ಎಂದಳು ತಬಸ್ಸುಮ. ಅವಳ ಬೆರಳು ಆಗಲೇ ನನ್ನ ರೊಟ್ಟಿಯ ಅಂಚಿನ ಮೇಲಿತ್ತು.

"ಹರಿದ್ರ ಹರೀಲಿ! ರೊಟ್ಟಿ ನಂದು, ಕೈ ನಂದು. ನೀ ಯಾಕ ನಡುವ ಬರ್ತಿ?"

"ಸಹಾಯ ಮಾಡಾಕ ಬಂದೀನ್ರಿ."

"ಹಂಗಾರ ದಿನಾ ನೀನಾ ಬಂದು ಬಡದು ಹೋಗು. ಖಾನಾವಳಿ ನಿನ್ನ ಹೆಸರಿಗೇ ಬರಕೊಡ್ತೀನಿ!"

ಮುಂಡರಗಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಖಾನಾವಳಿ. ಲಕ್ವಾ ಹೊಡೆದು ಬಲಗೈ ಬಿದ್ದಾಗ ಅದರ ಬಾಗಿಲು ಹಾಕಿದೆ. ಈಗ ಕೈ ಏಳುತ್ತದೆ, ಆದರೆ ಹೇಳಿದ್ದನ್ನು ತಡವಾಗಿ ಕೇಳುತ್ತದೆ. ಒಂದೇ ಒಂದು ರೊಟ್ಟಿಯನ್ನು ಯಾರೂ ಮುಟ್ಟದೆ ನಾನೇ ಬಡಿದರೆ ಸಾಕು, ಬಾಗಿಲು ತೆಗೆಯುವ ಧೈರ್ಯ ಬರುತ್ತದೆ.

ಅದಕ್ಕೇ ಗದಗಿನ ಆಸ್ಪತ್ರೆಯವರು ಈ ಲಕ್ಷ್ಮೇಶ್ವರದ ಹುಡುಗಿಯನ್ನು ನನ್ನ ಮನೆಗೆ ಕಳಿಸಿದ್ದರು. ಆಕ್ಯುಪೇಶನಲ್ ಥೆರಪಿ ಓದಿ ತರಬೇತಿಯಲ್ಲಿದ್ದಾಳೆ. ಮೊದಲ ದಿನ "ಓ.ಟಿ.ಯವಳ್ರೀ" ಎಂದಾಗ, ಆಪರೇಷನ್ನಿಗೆ ಒಯ್ಯುತ್ತಾಳೆಂದು ಹೆದರಿ ನಾನು ಅಗಳಿ ಹಾಕಿಕೊಂಡಿದ್ದೆ. "ನಿಮ್ಮ ಕೆಲಸ ನಿಮಗ ಹೊಳ್ಳಿ ಮಾಡಾಕ ಬರೂಹಂಗ ಮಾಡೂದ್ರೀ ನಮ್ಮ ವಿದ್ಯಾ," ಎಂದು ಕಿಟಕಿಯ ಹೊರಗೆ ನಿಂತು ತಿಳಿಸಿದಳು.

ವಿದ್ಯೆ ಇತ್ತು, ಮನಸ್ಸೂ ಒಳ್ಳೆಯದು. ಆದರೆ ನಾನು ಕುಪ್ಪಸದ ಗುಂಡಿ ಹುಡುಕುವುದರೊಳಗೆ ಅವಳು ಹಾಕಿ ಮುಗಿಸಿರುತ್ತಿದ್ದಳು.

"ದೊಡ್ಡವರು ಒದ್ದಾಡೂ ಮುಂದ ಕೈ ಕಟ್ಟಿ ಕುಂಡ್ರಬಾರದು ಅಂತ ನಮ್ಮಜ್ಜಿ ಕಲಿಸ್ಯಾಳ್ರಿ," ಎಂದಳು ಈಗ, ನನ್ನ ಬೈಗುಳಕ್ಕೆ ಕಣ್ಣಲ್ಲಿ ನೀರು ತಂದು.

ನಮ್ಮ ಮನೆಯಲ್ಲೂ ಅದನ್ನೇ ಕಲಿಸಿದ್ದರು. ಹಾಗೆ ಕುಳಿತ ಹುಡುಗಿಯನ್ನು ಮೈಗಳ್ಳಿ ಎಂದು ನಾನೇ ಎಷ್ಟು ಬೈದಿಲ್ಲ! ಆದರೂ ಹೇಳಿದೆ: "ನಿಮ್ಮಜ್ಜಿ ಮಾತು ನಿಮ್ಮ ಮನ್ಯಾಗ. ಇಲ್ಲಿ ಸುಮ್ಕ ಕುಂಡ್ರೂದಾ ನಿನ್ನ ಕೆಲಸ."

ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಳು. ನಾನು ಇನ್ನೊಂದು ಉಂಡೆ ಇಟ್ಟು ಬಡಿದೆ. ಅಂಚು ಸೀಳಿತು. "ಅಯ್ಯ!" ಎಂದಳು.

"ಬಾಯಿಂದನೂ ರೊಟ್ಟಿ ಬಡಿತಿಯೇನ?"

ಅವಳು ನಕ್ಕಳು, ನಾನೂ ನಕ್ಕೆ. ಮತ್ತೆ ಬಡಿದೆ. ಈ ಸಲ ಅವಳು ತುಟಿ ಬಿಚ್ಚಲಿಲ್ಲ. ಆದರೆ ಬಲಗೈ ತಡವರಿಸಿದಾಗಲೆಲ್ಲ ಅವಳ ಮುಖ ಸಣ್ಣಗಾಗುತ್ತಿತ್ತು. ನನ್ನ ಕಣ್ಣು ಹಿಟ್ಟು ಬಿಟ್ಟು ಆ ಮುಖವನ್ನೇ ನೋಡತೊಡಗಿತು. ರೊಟ್ಟಿ ಮಡಚಿಕೊಂಡಿತು. ಸಿಟ್ಟಿನಿಂದ ಹಿಟ್ಟನ್ನು ಕಲ್ಲಿಗೆ ಅಪ್ಪಳಿಸಿದೆ.

"ನಿನ್ನ ಮಾರಿ ನೋಡಿದ್ರ ನನ್ನ ಕೈಗೆ ಹೆದರಿಕಿ ಬರತೈತಿ!"

ಅವಳು ತೊಡೆಯ ಕೆಳಗಿಂದ ಕೈ ತೆಗೆದು ತನ್ನ ಅಂಗೈಗಳನ್ನು ನೋಡಿಕೊಂಡಳು.

"ಖರೇ ಐತ್ರಿ," ಎಂದಳು. "ನಿಮಗಿಂತ ಮೊದಲ ನಾನಾ ಹೆದರತೀನಿ. ಪುಸ್ತಕದಾಗ ತಾಳ್ಮಿ ಅಂತ ಓದೀನ್ರಿ. ಅದು ಬಾಯಿ ಮುಚ್ಚಿಕೊಂಡು ಕುಂಡ್ರೂದು ಅನ್ಕೊಂಡಿದ್ದೆ."

ಎದ್ದು ಗ್ಯಾಸ್ ಬಂದಾಗಿದೆಯೇ ನೋಡಿದಳು. ಹಿಟ್ಟಿನ ಪರಾತವನ್ನು ನನ್ನ ಕೈಗೆಟುಕುವಂತೆ ಸರಿಸಿದಳು. ನಾನು ಗಟ್ಟಿಯಾಗಿ ಕುಳಿತಿದ್ದೇನೆಂದು ಖಾತ್ರಿ ಮಾಡಿಕೊಂಡಳು.

"ಬೇಯಿಸೂದು ಆಮ್ಯಾಲ. ಈಗ ಬರೇ ಬಡೀರಿ. ನಾ ಹೊರಗ ಕಟ್ಟಿ ಮ್ಯಾಲ ಇರ್ತೀನಿ."

ಹೋದಳು. ಕಿಟಕಿಯಲ್ಲಿ ಅವಳ ಬೆನ್ನಷ್ಟೇ ಕಾಣುತ್ತಿತ್ತು.

ಬಡಿದೆ. ಅಂಚು ಸೀಳಿತು. "ತಬಸ್ಸುಮ, ಬಾರ ಇಲ್ಲೆ!" ಎಂದು ಕೂಗಿದೆ. ಬೆನ್ನು ಅಲುಗಿತು, ಏಳಲಿಲ್ಲ. ಅವಳನ್ನೂ ಅವಳ ವಿದ್ಯೆಯನ್ನೂ ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಬಲಗೈ ಬೆರಳಿನಿಂದ ಸೀಳನ್ನು ಒತ್ತಿ ಕೂಡಿಸಿ, ಎಡಗೈಯಿಂದ ರೊಟ್ಟಿ ತಿರುಗಿಸಿ, ಮತ್ತೆ ಬಡಿದೆ.

ಅವಳು ಒಳಗೆ ಬರಲೇ ಇಲ್ಲ.