ಸಣ್ಣ ಗೇರು

"ಈ ಸದ್ದು ಯಾವಾಗಿಂದ ಬತ್ತಾ ಅದ, ಅಣ್ಣ?"

ಗಾಡಿಯ ಕೆಳಗಿನಿಂದ ಮೆಕ್ಯಾನಿಕ್ ಮುರುಗೇಶ ಕೇಳಿದ. ಅವನ ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು.

"ಈಗೊಂದ್ ವಾರದಿಂದ ಕಣ್ಲಾ," ಎಂದ ಸಿದ್ದಮಲ್ಲಪ್ಪ.

ಸುಳ್ಳು. ಸದ್ದು ಶುರುವಾಗಿ ತಿಂಗಳ ಮೇಲಾಗಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಮುಂದಿನ ಆಕ್ಸಲ್ಲಿನಿಂದ ಟಕ್, ಟಕ್ ಎಂದು ಏನೋ ಮುರಿದ ಹಾಗೆ. ಯಾಕೆ ಬರುತ್ತಿದೆ ಎಂಬುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದೆ, ತಾಳವಾಡಿಯ ಆ ಶೆಡ್ಡಿನ ಮುಂದೆ ಕಲ್ಲಿನ ಮೇಲೆ ಕೂತು, ಡಾಕ್ಟರ ಮುಂದೆ ಕುಡಿತ ಮುಚ್ಚಿಟ್ಟ ರೋಗಿಯ ಹಾಗೆ ಅತ್ತಿತ್ತ ನೋಡುತ್ತಿದ್ದ.

ಅದು ಮಿಲಿಟರಿಯವರು ಹರಾಜು ಹಾಕಿದ ಹಳೇ ಟ್ರಕ್ಕು. ದೊಡ್ಡಗಾಜನೂರಿನ ಅಣ್ಣತಮ್ಮಂದಿರು, ಸಿದ್ದಮಲ್ಲಪ್ಪ ಮತ್ತು ವೃಷಭೇಂದ್ರ, ಜೊತೆಯಾಗಿ ಕೊಂಡು, ಊರಿನವರ ಕೋಸು, ಆಲೂಗಡ್ಡೆ ತುಂಬಿ ಸತ್ಯಮಂಗಲದ ಮಾರ್ಕೆಟ್ಟಿಗೆ ಇಳಿಸುತ್ತಿದ್ದರು. ಅದರಲ್ಲಿ ದೊಡ್ಡ ಗೇರಿನ ಪಕ್ಕ ಇನ್ನೊಂದು ಸಣ್ಣ ಗೇರು. ಅದನ್ನು ಹಾಕಿದರೆ ಮುಂದಿನ ಚಕ್ರಗಳೂ ಎಳೆಯುತ್ತವೆ. ಕೆಸರಿನಲ್ಲಿ ಹೂತ ಗಾಡಿ ಎಮ್ಮೆ ಎದ್ದ ಹಾಗೆ ಎದ್ದು ಬರುತ್ತದೆ. ಸ್ಟೇರಿಂಗು ಅಣ್ಣನದಾದರೆ ಸಣ್ಣ ಗೇರು ತಮ್ಮನದು. ಪಕ್ಕದಲ್ಲಿ ಕೂತ ವೃಷಭೇಂದ್ರ ಕೆಸರು ಕಂಡ ಕೂಡಲೇ ಅದರ ಮೇಲೆ ಕೈಯಿಟ್ಟು, "ಆಕ್ಲಾ ಅಣ್ಣ?" ಎನ್ನುತ್ತಿದ್ದ. ಕೇಳದೆ ಒಂದು ದಿನವೂ ಹಾಕಿದವನಲ್ಲ.

ಕಳೆದ ವರ್ಷ, ತೊಂಬತ್ತಾರನೇ ಇಸವಿಯ ಚಿತ್ತೆ ಮಳೆಯಲ್ಲಿ, ದಿಂಬಂ ಘಾಟಿ ಇಳಿಯುವಾಗಲೂ ಕೇಳಿದ್ದ. "ಟಾರ್ ರೋಡ್ಗ ಯಾಕ್ಲಾ? ಬುಡು," ಎಂದಿದ್ದ ಸಿದ್ದಮಲ್ಲಪ್ಪ. ಎರಡು ತಿರುವು ದಾಟಿದ ಮೇಲೆ ಹಿಂದಿನ ಚಕ್ರ ಜಾರಿ, ಗಾಡಿ ತಡೆಗೋಡೆಗೆ ಬಡಿದು ನಿಂತಿತು. ಬಾಗಿಲು ತೆರೆದುಕೊಂಡು ತಮ್ಮ ಕಣಿವೆಗೆ ಬಿದ್ದ. ಅಣ್ಣನ ಮೈಮೇಲೆ ಒಂದು ಗೀರೂ ಆಗಲಿಲ್ಲ. ತಾನು ಉಳಿದುಕೊಂಡದ್ದಕ್ಕೆ ಅವನಿಗೆ ಇಂದಿಗೂ ನಾಚಿಕೆ.

ಅಂದಿನಿಂದ, ದಿಂಬಂನಲ್ಲಿ ಟೀ ಕುಡಿದು ಗಾಡಿ ಹತ್ತಿದನೆಂದರೆ ಮೊದಲು ಸಣ್ಣ ಗೇರು ಹಾಕುತ್ತಿದ್ದ. ಬಿಸಿಲಿರಲಿ ಮಳೆಯಿರಲಿ, ಬೆಟ್ಟದ ಬುಡ ಸಿಗುವವರೆಗೂ ತೆಗೆಯುತ್ತಿರಲಿಲ್ಲ. ಅದಿಲ್ಲದೆ ಇಳಿಯಲು ಕೈಕಾಲೇ ಬರುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಘಾಟಿ ಇಳಿಸುತ್ತಾನೆ ಎಂದು ಹೆಸರಾದ ಡ್ರೈವರು. ಈ ಹೆದರಿಕೆ ಹೊರಬಿದ್ದರೆ ಯಾರು ತಾನೇ ಮಾಲು ತುಂಬಿಯಾರು? ಅದು ಹಾಗಿರಲಿ, ಓಡದ ಗಾಡಿ ಮನೆ ಮುಂದೆ ನಿಂತರೆ ತಮ್ಮನ ಹೆಂಡತಿ ಮಂಗಳಗೌರಿ ದಿನಬೆಳಗಾದರೆ ಅದನ್ನೇ ನೋಡಬೇಕು. ಅದು ಅವನಿಂದ ಆಗದ ಮಾತು.

ಮುರುಗೇಶ ಮುಂದಿನ ಚಕ್ರಗಳನ್ನು ಜಾಕಿ ಕೊಟ್ಟು ಎತ್ತಿದ. ಉದ್ದನೆಯ ಸ್ಪ್ಯಾನರಿನ ಒಂದು ತುದಿಯನ್ನು ಆಕ್ಸಲ್ಲಿಗೂ ಇನ್ನೊಂದನ್ನು ಕಿವಿಗೂ ಒತ್ತಿಕೊಂಡು, "ವಸಿ ತಿರುಗ್ಸಣ್ಣ," ಎಂದ. ಸಿದ್ದಮಲ್ಲಪ್ಪ ಕೈಯಿಂದ ಚಕ್ರ ತಿರುಗಿಸಿದ. ಬೇರಿಂಗಿನಲ್ಲಿ ದೋಷವಿರಲಿಲ್ಲ. ಚಕ್ರ ಬಿಚ್ಚಿ ಒಳಗಿನ ಜಾಯಿಂಟು ಹೊರತೆಗೆದಾಗ, ಅದರ ನಡುವಿನ, ಕೂಡುಗುರುತಿನಂಥ ಕ್ರಾಸು ಸವೆದು ಲೊಡಲೊಡ ಅಲ್ಲಾಡಿತು. ಮುರುಗೇಶ ಅದನ್ನು ಅಂಗೈಯಲ್ಲಿ ತಿರುವಿ ನೋಡಿದ. ಆಮೇಲೆ ಮುಂದಿನ ಟೈರುಗಳ ಮೇಲೆ ಕೈಯಾಡಿಸಿದ.

"ಯುಗಾದಿಗ ಮುಂಚ ತಾನೇ ಒಸದು ಆಕ್ಕೊಟ್ಟಿದ್ದು? ಕೆಸರಲ್ಲಾದ್ರ ಚಕ್ರ ಜಾರ್ತದ, ಜಾಯಿಂಟ್ಗ ಏನೂ ಆಗಲ್ಲ. ಟಾರಲ್ಲಿ ಜಾರಕ ಎಡೆ ಇಲ್ಲ. ಅದ್ಕೇ ಇದು ತಿರುಚ್ಕತದ." ಅವನು ದನಿ ತಗ್ಗಿಸಿದ. "ಘಾಟೀಲಿ ಸಣ್ಣ ಗೇರ್ ಆಕ್ತಿದ್ದಯಾ ಅಣ್ಣ?"

ಸಿದ್ದಮಲ್ಲಪ್ಪ ಇಲ್ಲ ಎನ್ನಲು ಬಾಯಿ ತೆರೆದ. ಬಂದ ಮಾತೇ ಬೇರೆ.

"ಅವತ್ತು ಅವ ಕೇಳ್ದ ಕಣ್ಲಾ. ಆಕ್ಲಾ ಅಣ್ಣ ಅಂದ. ನಾನೇ ಬ್ಯಾಡ ಅಂದೆ."

ಮುರುಗೇಶ ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. "ಆಕಿದ್ರೂ ನಿಲ್ತಿರ್ಲಿಲ್ಲ ಕಣಣ್ಣ. ಅದು ಎಳೀತದ ಅಷ್ಟೆ, ಇಡಿಯಕ ಬರಲ್ಲ," ಎಂದ. ಅದು ನಿಜವೋ, ಸಮಾಧಾನಕ್ಕೆ ಹೇಳಿದ್ದೋ, ಸಿದ್ದಮಲ್ಲಪ್ಪನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಹೊಸ ಕ್ರಾಸು ಕೂರಿಸಿದ ಮೇಲೆ ಮುರುಗೇಶ ಮತ್ತೆ ಗಾಡಿಯ ಕೆಳಗೆ ನುಗ್ಗಿದ. ಮುಂದಿನ ಆಕ್ಸಲ್ಲಿಗೆ ಎಳೆತ ಒಯ್ಯುವ ಉದ್ದನೆಯ ಶಾಫ್ಟನ್ನೇ ಬಿಚ್ಚಿ ಹೊರಗೆಳೆದ. ಗೋಣಿಯಲ್ಲಿ ಸುತ್ತಿ ಗಾಡಿಯ ಹಿಂಭಾಗದಲ್ಲಿ ಮಲಗಿಸಿದ.

"ಮಳ ಇಡ್ಕಂಡಾಗ ಬಾ, ಒಲಕ್ಕ ಬೇಕಾದ್ರ ಜೋಡ್ಸಿ ಕೊಡ್ತೀನಿ. ಅಲ್ಲೀಗಂಟ ಗೇರ್ ಎಳುದ್ರೂ ಮುಂದಿನ ಚಕ್ರುಕ್ಕ ಏನೂ ಓಗಲ್ಲ. ಜಾಯಿಂಟೂ ಉಳೀತದ."

"ಗೇರು?" ಎಂದ ಸಿದ್ದಮಲ್ಲಪ್ಪ.

"ಗೇರ್ ಅಲ್ಲೇ ಇರ್ಲಿ ಬುಡು."

ಸದ್ದು ಹೋಗಿದೆಯೇ ಎಂದು ನೋಡಲು ಘಾಟಿಯವರೆಗೆ ಹೋಗಿ ಬರಬೇಕಿತ್ತು. ಮುರುಗೇಶ ಪಕ್ಕದ ಬಾಗಿಲು ತೆರೆದು ತಡೆದು ನಿಂತ. ತಮ್ಮ ಹೋದ ಮೇಲೆ ಸಿದ್ದಮಲ್ಲಪ್ಪ ಆ ಸೀಟಿನಲ್ಲಿ ಯಾರನ್ನೂ ಕೂರಿಸಿರಲಿಲ್ಲ. ಖಾಲಿ ಚೀಲಗಳನ್ನು ಒಟ್ಟಿಟ್ಟಿದ್ದ. ಈಗ ಅವನೇ ಎದ್ದು ಅವನ್ನು ಬಾಚಿ ಹಿಂದಕ್ಕೆ ಎಸೆದ.

ದಿಂಬಂನ ಟೀ ಅಂಗಡಿಗಳು ಹಿಂದಾದವು. ಮೊದಲ ತಿರುವು ಕಂಡದ್ದೇ ಸಿದ್ದಮಲ್ಲಪ್ಪ ಗಾಡಿ ನಿಲ್ಲಿಸಿಬಿಟ್ಟ. ಕೆಳಗೆ ರಸ್ತೆ ಮಂಜಿನೊಳಗೆ ಇಳಿದುಹೋಗಿತ್ತು. ಎಡಗೈ ತಾನಾಗಿಯೇ ಎದ್ದು ಸಣ್ಣ ಗೇರಿನ ಹತ್ತಿರ ಹೋಗಿ ನಿಂತಿತು. ಎಳೆದರೂ ಒಂದೇ, ಬಿಟ್ಟರೂ ಒಂದೇ ಎಂದು ಅವನಿಗೆ ಗೊತ್ತು. ಗೊತ್ತಿದ್ದರೂ ಬ್ರೇಕಿನ ಮೇಲಿನ ಕಾಲು ಏಳಲೊಲ್ಲದು.

ಮುರುಗೇಶ ಅವನ ಮುಖ ನೋಡಲಿಲ್ಲ. ಕೈ ಚಾಚಿ ಗೇರಿನ ಗುಂಡು ಹಿಡಿದುಕೊಂಡ.

"ಆಕ್ಲಾ ಅಣ್ಣ?"

ಸಿದ್ದಮಲ್ಲಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ.

"ಆಕು," ಎಂದ.

ಗೇರು ಬಿತ್ತು. ಗಾಡಿ ನಿಧಾನವಾಗಿ ತಿರುವಿಗೆ ಇಳಿಯಿತು. ಮುಂದಿನ ಚಕ್ರಗಳಿಂದ ಸದ್ದಿರಲಿಲ್ಲ. ಹಿಂದೆ ಗೋಣಿಯಲ್ಲಿ ಸುತ್ತಿದ ಶಾಫ್ಟು ಒಂದು ಸಲ ಹೊರಳಿ, ಬದಿಗೆ ಒರಗಿ ಸುಮ್ಮನಾಯಿತು.